ಎಡಗಿವಿ

ಫಾರಂನ ಮೂರನೇ ಹಾಳೆಯನ್ನು ಗುರು ಗಟ್ಟಿಯಾಗಿ ಓದುತ್ತಿದ್ದ. ಮಗಳು ಕವನ ಚಾಪೆಯ ಮೇಲೆ ಬೋರಲು ಮಲಗಿ, ಒಂದೊಂದು ಪ್ರಶ್ನೆಗೂ ಪೆನ್ನಿನಲ್ಲಿ ಗುರುತು ಹಾಕುತ್ತಿದ್ದಳು. ಫಿಟ್ಸ್ ಬಂದಿತ್ತೇ? ಇಲ್ಲ. ತಲೆಗೆ ಪೆಟ್ಟಾಗಿ ಜ್ಞಾನ ತಪ್ಪಿತ್ತೇ? ಇಲ್ಲ. ಬಣ್ಣ ಗುರುತಿಸಲು ತೊಂದರೆ ಇದೆಯೇ? ಇಲ್ಲ.

"ಕಿವಿ ಸೋರಿತ್ತಾ ಯಾವಾಗ್ಲಾದ್ರೂ?" ಎಂದ ಗುರು.

"ಇಲ್ಲ," ಎಂದಳು ಕವನ.

"ಇಲ್ಲ ಕಣೆ, ಬರ್ಕೊ," ಎಂದಳು ಒಲೆಯ ಮುಂದಿದ್ದ ಅವಳ ತಾಯಿ ದೇವೀರಮ್ಮ.

ಹೊಸಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಗುರುವಿನ ತಾಯಿ ಮುದ್ದಮ್ಮ ಒಮ್ಮೆ ತಲೆಯೆತ್ತಿದಳು. ಕೈಯಲ್ಲಿದ್ದ ಕಾಳು ಮೊರಕ್ಕೆ ಬೀಳುವ ಬದಲು ಸಿಪ್ಪೆಯ ರಾಶಿಗೆ ಬಿತ್ತು. ಅದನ್ನು ಹುಡುಕುವವಳಂತೆ ತಲೆ ಬಗ್ಗಿಸಿದಳು.

ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿ ಅದು. ನಂಜನಗೂಡಿನಲ್ಲಿ ಊಟಿ ರಸ್ತೆಗೆ ಅಂಟಿಕೊಂಡ ಅವರ ಬೀದಿಯಲ್ಲಿ ಆ ತಿಂಗಳು ಬೇರೆ ಮಾತೇ ಇರಲಿಲ್ಲ. ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಗುರುವಿನ ಮಗಳಿಗೆ ವಿಮಾನ ಓಡಿಸುವ ತರಬೇತಿಯಲ್ಲಿ ಸೀಟು ಬಂದಿದೆಯಂತೆ. ಸರ್ಕಾರ ಓದಿಸುವ ಸೀಟು, ಇಡೀ ರಾಜ್ಯಕ್ಕೆ ನಾಲ್ಕೇ ನಾಲ್ಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಬೇಕಿತ್ತು, ಇದ್ದವು. ಇಂಗ್ಲಿಷಿನಲ್ಲಿ ನಡೆಸಿದ ಸಂದರ್ಶನ ಮುಗಿದಿತ್ತು. ಇನ್ನು ಒಂದೇ ಬಾಕಿ: ಬರುವ ಬುಧವಾರ ಬೆಂಗಳೂರಿನ ವಾಯುಪಡೆಯ ಆಸ್ಪತ್ರೆಯಲ್ಲಿ ದೊಡ್ಡ ಮೆಡಿಕಲ್. ಆ ಫಾರಂ ಅದರದೇ. ಅದರಲ್ಲಿ "ಫಿಟ್" ಎಂದು ಬರೆದ ಹಾಳೆ ಶುಕ್ರವಾರ ಸಂಜೆ ಐದರೊಳಗೆ ಇಲಾಖೆಯ ಕಚೇರಿ ಸೇರಬೇಕು. ಸೇರದಿದ್ದರೆ ಪಟ್ಟಿಯಲ್ಲಿ ಐದನೆಯವನಾಗಿ ಕಾಯುತ್ತಿದ್ದವನಿಗೆ ಸೀಟು. ಮುಂದಿನ ವರ್ಷ ಈ ಯೋಜನೆ ಇರುತ್ತದೆಂದು ಹೇಳುವವರು ಯಾರೂ ಇರಲಿಲ್ಲ.

ಬೀದಿಯವರಿಗೆಲ್ಲ ಕಣ್ಣಿನದೇ ಚಿಂತೆ. "ಮಗ, ಕ್ಯಾರೆಟ್ ತಿನ್ನು," ಎನ್ನುವವರೇ ಎಲ್ಲರೂ. ಎದುರುಮನೆ ಚನ್ನಾಜಮ್ಮ ದಿನಾ ಹೊನಗೊನೆ ಸೊಪ್ಪು ತಂದು ಕೊಡುತ್ತಿದ್ದಳು. ಕಿವಿಯ ಮಾತು ಯಾರೂ ಎತ್ತಿರಲಿಲ್ಲ. ಮುದ್ದಮ್ಮ ಒಬ್ಬಳಿಗೇ ಗೊತ್ತಿತ್ತು.

ತೊಂಬತ್ತೊಂದರಲ್ಲಿ ಗುರುವಿಗೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ದೇವೀರಮ್ಮ ಅಂಗನವಾಡಿ ತರಬೇತಿಗೆ ಸೇರಿದ್ದಳು. ಐದು ವರ್ಷದ ಕವನಳನ್ನು ನರಸೀಪುರದಲ್ಲಿ ಅಜ್ಜಿಯ ಬಳಿ ಬಿಟ್ಟು ಹೋಗುವಾಗ ಒಂದೇ ಮಾತು ಹೇಳಿದ್ದಳು: "ಅತ್ತೆ, ನೀರಿಗೊಂದು ಬುಡ್ಬ್ಯಾಡಿ." ಆದರೆ ನಾಟಿ ಕೆಲಸಕ್ಕೆ ಹೋಗುವ ಹೆಂಗಸು ಮಗುವನ್ನು ಎಲ್ಲಿ ಬಿಟ್ಟಾಳು? ಗದ್ದೆಗೆ ಕರೆದೊಯ್ದಳು. ಮುದ್ದಮ್ಮ ಪೈರು ಊರುತ್ತಿದ್ದರೆ ಮಗು ನಾಲೆಯಲ್ಲಿ ಮುಳುಗಿ ಏಳುತ್ತಿತ್ತು. ಆ ಮಳೆಗಾಲ ಎಡಗಿವಿ ನೊಂದಿತು, ಆಮೇಲೆ ಸೋರತೊಡಗಿತು. ದಿಂಬಿನ ಮೇಲೆ ಹಳದಿ ಕಲೆ, ಕೆಟ್ಟ ವಾಸನೆ. ಸೊಸೆಗೆ ಹೇಳಿದರೆ ಮಗುವನ್ನು ಕರೆದೊಯ್ದೇಬಿಡುತ್ತಾಳೆ. ಮುದ್ದಮ್ಮನ ಗಂಡ ಸತ್ತು ಆಗ ಎಂಟು ತಿಂಗಳು. ಆ ಮನೆಯಲ್ಲಿ ಉಸಿರಾಡುತ್ತಿದ್ದ ಇನ್ನೊಂದು ಜೀವ ಎಂದರೆ ಆ ಮಗು ಒಂದೇ. ಹಾಗಾಗಿ ದೇವೀರಮ್ಮ ಬರುವ ಭಾನುವಾರಗಳಂದು ಕಿವಿಯನ್ನು ಬತ್ತಿಯಿಂದ ಒರೆಸಿ, ಹತ್ತಿ ತುರುಕಿ, "ಸೀತ ಆಗ್ಬುಟ್ಟದೆ ಕಣವ್ವ," ಎಂದುಬಿಡುತ್ತಿದ್ದಳು. ಉಳಿದ ದಿನ ಹರಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಬಿಡುತ್ತಿದ್ದಳು. ಎರಡು ಮಳೆಗಾಲ ಸೋರಿ ಕಿವಿ ತಾನಾಗಿ ನಿಂತಿತು. ಎಣ್ಣೆಯಿಂದಲೇ ನಿಂತಿತೆಂದು ಮುದ್ದಮ್ಮ ನಂಬಿದಳು. ಮಗುವಿಗೆ ಅದರ ನೆನಪು ಉಳಿಯಲಿಲ್ಲ, ಮಾತು ಅಜ್ಜಿಯ ಹೊಟ್ಟೆಯೊಳಗೇ ಉಳಿಯಿತು.

ಈಗ ಫಾರಂನಲ್ಲಿ "ಇಲ್ಲ" ಎಂದು ಬಿದ್ದಿತ್ತು.

ಸೋಮವಾರ ಮೊಮ್ಮಗಳು ಹಿತ್ತಲಲ್ಲಿ ಓಡಾಡುತ್ತ "ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ" ಎಂದು ಬಾಯಿಪಾಠ ಮಾಡುತ್ತಿದ್ದಳು. ವಿಮಾನದವರು ರೇಡಿಯೊದಲ್ಲಿ ಅಕ್ಷರ ತಪ್ಪಿಹೋಗದಂತೆ ಹೀಗೆ ಹೆಸರಿಟ್ಟು ಹೇಳುತ್ತಾರಂತೆ. ಅದಕ್ಕೇ ಬೇರೆ ಪರೀಕ್ಷೆ, ಬೇರೆ ಲೈಸೆನ್ಸು.

"ಯಾರವ್ವ ಅಂವ ಚಾರ್ಲಿ? ದಿನಾ ಕೂಗ್ತೀಯ, ಒಂದಿನಾನೂ ಬರ್ನಿಲ್ಲ," ಎಂದಳು ಮುದ್ದಮ್ಮ.

"ಸಿ ಅನ್ನೋ ಅಕ್ಷರ ಕಣಜ್ಜಿ."

"ಅಲ್ಲ, ಇಂಜಿನ್ ಸದ್ದೊಳ್ಗೆ ಅದೆಲ್ಲ ಕೇಳ್ತದಾ?"

"ಕೇಳ್ಲೇಬೇಕು. ಟವರ್‌ನೋರು ಒಂದ್ ನಂಬರ್ ಹೇಳಿದ್ದು ನನಗೆ ಇನ್ನೊಂದು ಕೇಳಿಸ್ತು ಅಂದ್ರೆ ಅಲ್ಲಿಗೆ ಮುಗೀತು. ಅದ್ಕೇ ಕಿವಿ ಟೆಸ್ಟು ಕಣ್ಣಿಗಿಂತ ಜೋರಂತೆ."

ಆ ಕ್ಷಣದಿಂದ ಮುದ್ದಮ್ಮನಿಗೆ ಅನ್ನ ಇಳಿಯಲಿಲ್ಲ. ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದಳು. ಒಮ್ಮೆ ದೇವೀರಮ್ಮ ಅಲ್ಲೇ ಇದ್ದಳು. ಇನ್ನೊಮ್ಮೆ ಕವನ ನಗುತ್ತಿದ್ದಳು.

ಮಂಗಳವಾರ ಹೆಂಗಸರ ಎಣ್ಣೆ ಸ್ನಾನದ ದಿನ. ಮಧ್ಯಾಹ್ನ ಮೊಮ್ಮಗಳನ್ನು ಹಿತ್ತಲ ಬಿಸಿಲಿಗೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದಳು. ವಾರದಿಂದ ನಿದ್ದೆಗೆಟ್ಟಿದ್ದ ಹುಡುಗಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಹಾಗೇ ಜೋಂಪು ಹತ್ತಿದಳು. ಮುದ್ದಮ್ಮ ಸೆರಗಿನ ಮರೆಯಲ್ಲಿ ಇಟ್ಟುಕೊಂಡಿದ್ದ ಸೌಟನ್ನು ತೆಗೆದಳು. ಬೆಳ್ಳುಳ್ಳಿ ಬೆಂದ ಹರಳೆಣ್ಣೆ ಬೆಚ್ಚಗಿತ್ತು. ಎಡಗಿವಿಗೆ ನಾಲ್ಕು ಹನಿ. ಒಂದಕ್ಕೇ ಬಿಟ್ಟರೆ ಅನುಮಾನ ಬಂದೀತೆಂದು ಮಗ್ಗುಲು ತಿರುಗಿಸಿ ಬಲಗಿವಿಗೂ ನಾಲ್ಕು.

"ಏನಜ್ಜಿ ಅದು?" ಎಂದಳು ಕವನ ಕಣ್ಣು ಬಿಡದೆ.

"ತಂಪಿಗೆ ಕಣವ್ವ. ಮಲ್ಗು."

ಬುಧವಾರ ಗುರು ರಜೆ ಹಾಕಿ ಮಗಳನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ಮುದ್ದಮ್ಮ ಜಗುಲಿ ಬಿಟ್ಟು ಏಳಲಿಲ್ಲ. ಸಂಜೆ ಅಪ್ಪ ಮಗಳು ಬೀದಿಯ ತುದಿಯಲ್ಲಿ ಕಾಣಿಸಿಕೊಂಡಾಗ ಅವರ ನಡಿಗೆಯಲ್ಲೇ ಗೊತ್ತಾಯಿತು. ಇಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗವಿತ್ತು.

"ಎಲ್ಲಾ ಪಾಸು," ಎಂದ ಗುರು ಚಪ್ಪಲಿ ಬಿಡುತ್ತ. "ಕಣ್ಣು ಪಾಸು, ಎದೆ ಪಾಸು, ರಕ್ತ ಪಾಸು. ಕಿವಿ ನೋಡಕ್ಕೋದ್ರು, ಒಳ್ಗೆ ಬರೀ ಎಣ್ಣೆ. ಹಳೇ ಗುಗ್ಗೆಯೆಲ್ಲ ಎಣ್ಣೆ ಕುಡ್ದು ಉಬ್ಬಿ ಡಬ್ಬಿ ಮುಚ್ಳ ಆಗ್ಬುಟ್ಟದಂತೆ. ಕಿವಿ ತಮಟೆನೇ ಕಾಣಕ್ಕಿಲ್ಲ ಅಂದ್ರು. ಸದ್ದು ಕೇಳ್ಸುದ್ರೆ ಇವಳಿಗೆ ಅರ್ಧ ಕೇಳ್ನಿಲ್ಲ."

ದೇವೀರಮ್ಮ ಅತ್ತೆಯ ಕಡೆ ತಿರುಗಿದಳು. "ನೀವು ಬುಟ್ರಾ?"

"ತಂಪಿಗೆ ಅಂತ," ಎಂದಳು ಮುದ್ದಮ್ಮ.

"ತಂಪಾಯ್ತು ಬುಡಿ."

ಹಾಳೆಯಲ್ಲಿ "ಸದ್ಯಕ್ಕೆ ಅನ್‌ಫಿಟ್" ಎಂದಿತ್ತು. ಕಿವಿ ಶುಚಿ ಮಾಡಿಸಿಕೊಂಡು ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬಂದರೆ ಇನ್ನೊಮ್ಮೆ ನೋಡುತ್ತೇವೆ ಎಂದಿದ್ದರಂತೆ. ಕವನ ಯಾರನ್ನೂ ಬೈಯಲಿಲ್ಲ. ನೆಲದ ಮೇಲೆ ಕೂತು ಟವೆಲಿನ ತುದಿಯಿಂದ ಕಿವಿ ಒರೆಸಿಕೊಳ್ಳುತ್ತಲೇ ಇದ್ದಳು.

ಗುರುವಿಗೆ ಗುರುವಾರ ರಜೆ ಸಿಗಲಿಲ್ಲ. ದೇವೀರಮ್ಮನಿಗೆ ಅಂಗನವಾಡಿಯಲ್ಲಿ ಲಸಿಕೆಯ ದಿನ. ಕವನಳೊಂದಿಗೆ ಮುದ್ದಮ್ಮನೇ ಹೊರಟಳು. ಪೇಟೆಯಲ್ಲಿ ಕಿವಿ ಮೂಗಿನ ಡಾಕ್ಟರ್ ಮಂಗಳಗೌರಿ ಅಂತ ಒಬ್ಬರು, ಮಾತು ಖಾರ, ಕೈ ಮೆತ್ತಗೆ. ಕವನಳ ಕಿವಿಗೆ ಬ್ಯಾಟರಿ ಬಿಟ್ಟು ಮೂಗು ಮುರಿದರು.

"ಯಾರಮ್ಮ ಇದು ಒಳಗೆ ಅಡುಗೆ ಮಾಡಿರೋದು? ಒಗ್ಗರಣೆ ವಾಸನೆ ಬರ್ತಿದೆ."

ಕವನ ಅಜ್ಜಿಯ ಕಡೆ ನೋಡಲಿಲ್ಲ.

ಬಿಸಿನೀರಿನ ಪಿಚಕಾರಿ, ಸಣ್ಣ ಕೊಕ್ಕೆ, ಅರ್ಧ ಗಂಟೆಯ ಕೆಲಸ. ಬಲಗಿವಿ ಬೇಗ ಮುಗಿಯಿತು. ಎಡಗಿವಿಯಿಂದ ಕಪ್ಪು ಗುಗ್ಗೆಯ ತುಂಡು ಬಟ್ಟಲಿಗೆ ಬಿದ್ದ ಮೇಲೆ ಡಾಕ್ಟರು ಕನ್ನಡಿಯನ್ನು ಹಣೆಯ ಮೇಲೆ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಮತ್ತೆ ನೋಡಿದರು.

"ಚಿಕ್ಕವಳಿದ್ದಾಗ ಈ ಕಿವಿ ಸೋರಿತ್ತೇನಮ್ಮ?"

"ಇಲ್ಲ ಮೇಡಂ," ಎಂದಳು ಕವನ.

"ತಮಟೆ ಮೇಲೆ ಗಾಯ ಮಾಗಿದ ಕಲೆ ಇದೆ. ಒಂದು ಕಾಲಕ್ಕೆ ತೂತಾಗಿ ಮುಚ್ಚಿಕೊಂಡಿದೆ. ಬೆಂಗಳೂರಲ್ಲಿ ಫಾರಂ ತುಂಬಿಸಿರ್ತಾರಲ್ಲ, ಅದ್ರಲ್ಲಿ ಏನು ಬರೆದೆ?"

"ಇಲ್ಲ ಅಂತ."

"ನಾಳೆ ಅವರ ಕಣ್ಣಿಗೂ ಇದು ಬೀಳತ್ತೆ. ಕಲೆ ಇದ್ದೋರಿಗೆಲ್ಲ ಸೀಟು ತಪ್ಪೋದಿಲ್ಲ. ವಿಮಾನ ಏರುವಾಗ, ಇಳಿಯುವಾಗ ಹೊರಗಿನ ಗಾಳಿ ಕಿವಿಯನ್ನ ಒತ್ತತ್ತೆ, ಎಳೆಯತ್ತೆ. ತಮಟೆ ಅದಕ್ಕೆ ತಕ್ಕ ಹಾಗೆ ಬಾಗಬೇಕು, ಸದ್ದೂ ಕೇಳಿಸ್ಬೇಕು. ಅದು ಬಾಗತ್ತೋ ಇಲ್ವೋ ಅವರು ನೋಡ್ತಾರೆ. ಆದ್ರೆ ಸುಳ್ಳು ಬರೆದಿದ್ದು ಸಿಕ್ಕಿಬಿತ್ತು ಅಂದ್ರೆ ಲೈಸೆನ್ಸ್ ಬಂದ್ಮೇಲೂ ಕಿತ್ಕೋತಾರೆ."

"ಮೇಡಂ, ನನಗೆ ನಿಜವಾಗ್ಲೂ ಸೋರಿರ್ಲಿಲ್ಲ."

ಗೋಡೆಗೆ ಒರಗಿ ನಿಂತಿದ್ದ ಮುದ್ದಮ್ಮ ಎರಡು ಹೆಜ್ಜೆ ಮುಂದೆ ಬಂದಳು.

"ಸೋರಿತ್ತು ಕಣವ್ವ," ಎಂದಳು. "ನರಸೀಪುರದಲ್ಲಿ. ಎಲ್ಡು ಮಳೆಗಾಲ. ನಿಮ್ಮವ್ವಂಗೆ ಗೊತ್ತಿಲ್ಲ."

ಕವನ ಕುರ್ಚಿಯಿಂದ ನಿಧಾನವಾಗಿ ತಿರುಗಿದಳು. ಅಜ್ಜಿಯನ್ನು ನೋಡಿದ ಆ ನೋಟ ಬೈಗುಳಕ್ಕಿಂತ ಭಾರವಾಗಿತ್ತು. ಆಮೇಲೆ ಎದ್ದಳು, ಡಾಕ್ಟರ ಚೀಟಿ ಮಡಿಚಿ ಇಟ್ಟುಕೊಂಡಳು, ಹೊರಟಳು. ಪೇಟೆಯಿಂದ ಮನೆಯವರೆಗೂ ಇಪ್ಪತ್ತು ಮಾರು ಮುಂದೆ ನಡೆದಳು. ಮೊಣಕಾಲು ನೋವಿನ ಮುದ್ದಮ್ಮನಿಗೆ ಆ ಇಪ್ಪತ್ತು ಮಾರನ್ನು ಕಡಿಮೆ ಮಾಡಲಾಗಲಿಲ್ಲ.

ಸಂಜೆ ಮನೆಯಲ್ಲಿ ನಾಲ್ವರೂ ಕೂತರು. ದೇವೀರಮ್ಮ ಕೂಗಾಡುತ್ತಾಳೆಂದು ಮುದ್ದಮ್ಮ ತಯಾರಾಗಿದ್ದಳು. ಅವಳು ಕೂಗಾಡಲಿಲ್ಲ.

"ಹದ್ನೈದು ದಿನಕ್ಕೊಂದ್ಸಲ ಬತ್ತಿದ್ದೆ ನಾನು," ಎಂದಳು. "ತಲೆ ಬಾಚ್ತಿದ್ದೆ, ಜಡೆ ಆಕ್ತಿದ್ದೆ ಆ ಮಗೀಗೆ. ಕಿವಿ ಪಕ್ಕದಲ್ಲೇ ನನ್ ಕೈ ಓಡಾಡ್ತಿತ್ತು. ಎಂಗ್ ಬಚ್ಚಿಟ್ರಿ ಅತ್ತೆ?"

"ಕರ್ಕೊಂಡು ಓಗ್ಬುಡ್ತೀಯ ಅಂತ."

"ಓಗ್ತಿದ್ದೆ. ಆಸ್ಪತ್ರೆಗೆ ಕರ್ಕೊಂಡು ಓಗ್ತಿದ್ದೆ."



ಗುರು ಬೀಡಿ ಹಚ್ಚದೆ ಬೆರಳಲ್ಲೇ ತಿರುಗಿಸುತ್ತಿದ್ದ. "ಈಗ ಆಗೋದ್ ನೋಡವ. ಕಲೆ ಕಂಡ್ರೆ ಕಾಣ್ಲಿ. ನಂಗೊತ್ತಿಲ್ಲ ಸಾ, ಚಿಕ್ಕೋಳಾಗಿದ್ದೆ ಅಂದ್ಬುಡು ಮಗ. ಸುಳ್ಳೇನಲ್ಲ. ನಿನ್ನೇ ತನಕ ನಿಂಗೆ ಗೊತ್ತೇ ಇರ್ನಿಲ್ಲ."

"ಈಗ ಗೊತ್ತಲ್ಲಪ್ಪ."

"ಅದು ಅವ್ರಿಗೆ ಗೊತ್ತಾ?"

"ನಾಳೆ ಸುಮ್ನಿದ್ರೆ ಪ್ರತಿ ವರ್ಷ ಸುಮ್ನಿರ್ಬೇಕು. ಈ ಮೆಡಿಕಲ್ ಒಂದೇ ಸಲ ಅಲ್ಲ, ಲೈಸೆನ್ಸ್ ಇರೋಗಂಟ. ಇನ್ನೂರು ಗಂಟೆ ಹಾರಿ, ಅಷ್ಟು ಪರೀಕ್ಷೆ ಬರ್ದು, ಆಮೇಲೆ ಯಾರೋ ಕಿವಿಗೆ ಬ್ಯಾಟರಿ ಬಿಟ್ಟಾಗೆಲ್ಲ ಎದೆ ಹೊಡ್ಕೊತಾ ಕೂರ್ಬೇಕು. ನಂಗಾಗಲ್ಲ."

"ಹೇಳಿ ಸೀಟು ಓಯ್ತು ಅಂದ್ರೆ?"

ಕವನ ಡಾಕ್ಟರ ಚೀಟಿಯನ್ನು ಬಿಚ್ಚಿ ಮತ್ತೆ ಮಡಿಚಿದಳು.

"ನಾನೂ ಬತ್ತೀನಿ," ಎಂದಳು ಮುದ್ದಮ್ಮ. "ಮಾಡ್ದೋಳು ನಾನು. ನಾನೇ ಯೋಳ್ತೀನಿ."

"ನೀನ್ ಬಂದು ಇನ್ನೇನು ಬುಡ್ಬೇಕವ್ವ ಕಿವಿಗೆ," ಎಂದ ಗುರು. ಯಾರೂ ನಗಲಿಲ್ಲ. ಆದರೆ ಬೆಳಗಿನ ಮೊದಲ ಬಸ್ಸಿಗೆ ಅವಳು ಹೊರಟಾಗ ಯಾರೂ ತಡೆಯಲೂ ಇಲ್ಲ.

ಬೆಂಗಳೂರಿನ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಹಸಿರು ಬಣ್ಣದ ಬೆಂಚು, ಗೋಡೆಯ ಮೇಲೆ ಸೀಳಿದ ಕಿವಿಯ ಚಿತ್ರ. ಡಾಕ್ಟರು ಸಮವಸ್ತ್ರದಲ್ಲಿದ್ದರು. ಕೊಡಗಿನ ಕಡೆಯವರಿರಬೇಕು, ಕನ್ನಡ ಬಿಗಿಯಾಗಿತ್ತು. ಗುರುವನ್ನು ಹೊರಗೆ ಕೂರಿಸಿದರು. ಮುದ್ದಮ್ಮ ಕರೆಯುವ ಮೊದಲೇ ಒಳಗೆ ನಿಂತಿದ್ದಳು.

ಎಡಗಿವಿ ನೋಡಿದ ಡಾಕ್ಟರು ಫಾರಂ ಕಡೆ ಕಣ್ಣು ಹಾಯಿಸಿದರು. "ಇಲ್ಲಿ ನೋ ಅಂತ ಇದೆ."

"ತಪ್ಪು ಬರೆದಿದೀನಿ ಸರ್," ಎಂದಳು ಕವನ. "ಬರೆಯುವಾಗ ನನಗೆ ಗೊತ್ತಿರಲಿಲ್ಲ. ನಿನ್ನೆ ಗೊತ್ತಾಯ್ತು. ತಿದ್ದೋದಕ್ಕೆ ಅವಕಾಶ ಇದ್ರೆ ತಿದ್ತೀನಿ."

"ನಿನ್ನೆ ಹೇಗೆ ಗೊತ್ತಾಯ್ತು?"

"ನನ್ನಿಂದ ಸಾ," ಎಂದಳು ಮುದ್ದಮ್ಮ. ನಾಲೆ, ನಾಟಿ, ಬತ್ತಿ, ಸೊಸೆ, ಎಣ್ಣೆ, ಎಲ್ಲವನ್ನೂ ಸಾಲಾಗಿ ಹೇಳಿದಳು. ಎಲ್ಲೂ ತನ್ನನ್ನು ಉಳಿಸಿಕೊಳ್ಳಲಿಲ್ಲ. ಡಾಕ್ಟರು ನಡುವೆ ಎರಡೇ ಪ್ರಶ್ನೆ ಕೇಳಿದರು: ಎಷ್ಟನೇ ವಯಸ್ಸಿಗೆ ನಿಂತಿತು, ಆಮೇಲೆ ಒಂದು ಸಲವಾದರೂ ಸೋರಿತೇ.

"ಏಳಕ್ಕೆ ನಿಂತದ್ದು. ಆಮೇಲಿಲ್ಲ. ನನ್ ಮೊಮ್ಮಗಳ ಮೇಲಾಣೆ."

"ಆಣೆ ಬೇಡ. ಬರೆದುಕೊಡಿ. ರುಜು ಬರುತ್ತೋ, ಹೆಬ್ಬೆಟ್ಟೋ?"

ಮುದ್ದಮ್ಮ ಪೆನ್ನಿಗೆ ಕೈ ಚಾಚಿದಳು. ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ, ಐವತ್ತು ದಾಟಿದ ಮೇಲೆ ಕೂಡಿಸಿಕೊಂಡ ಅಕ್ಷರಗಳು. ರೇಷನ್ ಕಾರ್ಡು, ಬಸ್ಸಿನ ಬೋರ್ಡು ಓದುವುದಕ್ಕೆ ಸಾಕಾಗಿದ್ದವು. ತನ್ನ ತಪ್ಪನ್ನು ತಾನೇ ಬರೆಯುವಷ್ಟು ಉದ್ದಕ್ಕೆ ಅವನ್ನು ಎಂದೂ ಎಳೆದಿರಲಿಲ್ಲ. ಒಂದೊಂದು ಸಾಲಿಗೂ ಬಹಳ ಹೊತ್ತು ಹಿಡಿಯಿತು. ಗೋಡೆ ಗಡಿಯಾರದಲ್ಲಿ ಹನ್ನೆರಡಾಯಿತು. ಹೊರಗೆ ಬೇರೆಯವರು ಕಾಯುತ್ತಿದ್ದರು. ಡಾಕ್ಟರು ಅವಸರಿಸಲಿಲ್ಲ. ಕವನ ಮಾತ್ರ ಗಡಿಯಾರ ನೋಡುತ್ತಿದ್ದಳು, ಆದರೆ "ಬೇಗ ಅಜ್ಜಿ" ಎನ್ನಲಿಲ್ಲ. ನಿನ್ನೆಯಿಂದ ಅವಳು ಅಜ್ಜಿಯ ಜೊತೆ ಒಂದು ಮಾತೂ ಆಡಿರಲಿಲ್ಲ.

ಆಮೇಲೆ ಡಾಕ್ಟರು ಕವನಳಿಗೆ ಮೂಗು ಹಿಡಿದು, ಬಾಯಿ ಮುಚ್ಚಿ, ಉಸಿರನ್ನು ಒಳಗೇ ಒತ್ತುವಂತೆ ಹೇಳಿ ಕಿವಿಯೊಳಗೆ ನೋಡಿದರು. ಒಮ್ಮೆ. ಇನ್ನೊಮ್ಮೆ. ತೇಪೆ ಬಿದ್ದ ತಮಟೆ ಬಾಗುತ್ತದೋ ಇಲ್ಲವೋ. ಮುದ್ದಮ್ಮನ ಉಸಿರೂ ಮೊಮ್ಮಗಳ ಉಸಿರಿನ ಜೊತೆಗೇ ನಿಂತಿತ್ತು. ಡಾಕ್ಟರು ಏನೋ ಬರೆದುಕೊಂಡರು.

ಕಡೆಯದು ಸದ್ದಿನ ಕೋಣೆ. ದಪ್ಪ ಬಾಗಿಲು, ಒಂದು ಗಾಜು. ಕವನ ಒಳಗೆ ಕೂತು ಕಿವಿಗೆ ದೊಡ್ಡ ಬಟ್ಟಲುಗಳನ್ನು ಹಾಕಿಕೊಂಡಳು. ಸದ್ದು ಕೇಳಿದಾಗ ಬೆರಳೆತ್ತಬೇಕು. ಸದ್ದು ಒಂದೊಂದು ಸಲಕ್ಕೂ ಸಣ್ಣದಾಗುತ್ತ ಹೋಗುತ್ತದೆ. ಹೊರಗೆ ಯಂತ್ರದ ಗುಂಡಿ ತಿರುಗಿಸುತ್ತಿದ್ದ ಸಹಾಯಕ, ಮುದ್ದಮ್ಮ ಗಾಜಿನ ಬಳಿ ನಿಂತಿರುವುದನ್ನು ಕಂಡೂ ಕಾಣದವನಂತಿದ್ದ.

ಮೊದಲು ಬಲಗಿವಿ. ಬೆರಳು ಎದ್ದಿತು, ಇಳಿಯಿತು, ಎದ್ದಿತು. ಅಕ್ಕಿ ಆರಿಸುವ ಕೈಯಂತೆ ತಡವಿಲ್ಲದೆ.

ಆಮೇಲೆ ಎಡಗಿವಿ. ಸಹಾಯಕ ಗುಂಡಿ ತಿರುಗಿಸಿದ, ಬೆರಳು ಎದ್ದಿತು. ತಿರುಗಿಸಿದ, ಎದ್ದಿತು. ಇನ್ನೊಮ್ಮೆ ತಿರುಗಿಸಿದ. ಬೆರಳು ತೊಡೆಯ ಮೇಲೇ ಇತ್ತು.

ಮುದ್ದಮ್ಮ ಗಾಜಿಗೆ ಹಣೆ ತಾಗಿಸಿದಳು. ಆ ಬೆರಳು ಅವಳಿಗೆ ಗೊತ್ತು. ಗದ್ದೆಯ ಬದುವಿನಲ್ಲಿ ತನ್ನ ಸೀರೆಯ ನೆರಿಗೆ ಹಿಡಿದು ನಡೆದ ಬೆರಳು. ಏಳವ್ವ ಎಂದು ಒಳಗೊಳಗೇ ಅಂದಳು. ಸಹಾಯಕ ಅದೇ ಸದ್ದನ್ನು ಮತ್ತೆ ಒತ್ತಿದ. ಕವನ ಕಣ್ಣು ಮುಚ್ಚಿದ್ದಳು. ಹುಬ್ಬುಗಳು ಒಂದಕ್ಕೊಂದು ಸೇರಿದ್ದವು. ಅವನು ಹಾಳೆಯ ಮೇಲೆ ಏನೋ ಗುರುತು ಹಾಕಲು ಪೆನ್ನು ಎತ್ತಿದ. ಅಷ್ಟರಲ್ಲಿ ಬೆರಳು ಎದ್ದಿತು, ಅನುಮಾನದಿಂದ, ಅರ್ಧ. ಅವನು ಇನ್ನೊಮ್ಮೆ ಒತ್ತಿ ನೋಡಿದ. ಈ ಸಲ ನೆಟ್ಟಗೆ ಎದ್ದಿತು. ಮುಂದಿನದಕ್ಕೂ ಎದ್ದಿತು. ಅದರ ಮುಂದಿನದಕ್ಕೆ ಏಳಲಿಲ್ಲ, ಎರಡನೇ ಸಲವೂ ಏಳಲಿಲ್ಲ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಡಾಕ್ಟರು ಗೆರೆಗಳ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಗುರುವನ್ನೂ ಒಳಗೆ ಕರೆದರು. ಕೆಟ್ಟ ಸುದ್ದಿಗೇ ಮನೆಯವರನ್ನೆಲ್ಲ ಕರೆಯುವುದು ಎಂದುಕೊಂಡಳು ಮುದ್ದಮ್ಮ.

"ಎಡಗಿವಿ ಬಲಗಿವಿಯಷ್ಟು ಚುರುಕಿಲ್ಲ," ಎಂದರು ಡಾಕ್ಟರು. "ನಮ್ಮ ಮಿತಿಯೊಳಗೆ ಇದೆ. ಮಿತಿಯ ಅಂಚಿನಲ್ಲಿ. ತಮಟೆ ಬಾಗುತ್ತಿದೆ. ಪ್ರತಿ ಸಲದ ಮೆಡಿಕಲ್‌ನಲ್ಲೂ ಈ ಕಿವಿಯನ್ನು ವಿಶೇಷವಾಗಿ ನೋಡಬೇಕು ಅಂತ ಬರೆದಿದ್ದೇನೆ. ಇದು ನಿನ್ನ ಫೈಲಿನಲ್ಲಿ ಕೊನೆಯವರೆಗೂ ಇರುತ್ತೆ. ನೆಗಡಿ ಬಂದ ದಿನ ಹಾರಬಾರದು, ಯಾರು ಒತ್ತಾಯ ಮಾಡಿದರೂ. ತಿಳಿಯಿತಾ?"

"ತಿಳೀತು ಸರ್. ಅಂದ್ರೆ..."

"ಫಿಟ್."

ಗುರು ಕೈಮುಗಿಯಲು ಹೋಗಿ, ಕೈಯಲ್ಲಿ ಚೀಲ ಇದ್ದುದರಿಂದ ಚೀಲವನ್ನೇ ಎದೆಗೆ ಒತ್ತಿಕೊಂಡ. ಡಾಕ್ಟರು ಕವನಳ ಹಾಳೆಯ ಹಿಂದೆ ಮುದ್ದಮ್ಮನ ವಕ್ರ ಅಕ್ಷರದ ಹಾಳೆಯನ್ನೂ ಸೇರಿಸಿ ಪಿನ್ನು ಹೊಡೆದರು.

ಇಲಾಖೆಯ ಕಚೇರಿಗೆ ತಲುಪಿದಾಗ ನಾಲ್ಕು ಮುಕ್ಕಾಲು. ಗುಮಾಸ್ತ ಪರ್ಸಿನಲ್ಲಿ ಸ್ಕೂಟರ್ ಕೀಲಿ ಹುಡುಕುತ್ತಿದ್ದವನು ಹಾಳೆಗಳನ್ನು ತೆಗೆದುಕೊಂಡು ಸೀಲು ಒತ್ತಿದ. "ಇದೇನ್ರೀ ಅಜ್ಜಿ ಕಾಗದ?" ಎಂದ. "ಅದೂ ಜೊತೆಗೇ ಇರ್ಬೇಕು," ಎಂದಳು ಕವನ. ಸ್ವೀಕೃತಿ ಚೀಟಿ ಕೈಗೆ ಬಂದ ಮೇಲೂ ಅದರ ಮೇಲಿನ ತಾರೀಖನ್ನು ಮೂರು ಸಲ ಓದಿದಳು.

ಗುರು ಮನೆಗೆ ಫೋನು ಮಾಡಲು ಬೂತ್ ಹುಡುಕಿಕೊಂಡು ಹೋದ. ಕಚೇರಿಯ ಮೆಟ್ಟಿಲ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೇ ಉಳಿದರು. ಮುದ್ದಮ್ಮ ಮೊಣಕಾಲು ನೀವಿಕೊಳ್ಳುತ್ತ ರಸ್ತೆ ನೋಡುತ್ತಿದ್ದಳು.

"ಅಜ್ಜಿ," ಎಂದಳು ಕವನ, ಚೀಟಿಯನ್ನು ಮಡಿಚುತ್ತ. "ಇನ್ನೇನಾದ್ರೂ ಬಚ್ಚಿಟ್ಟಿದ್ರೆ ಈಗ್ಲೇ ಹೇಳ್ಬುಡು. ಮುಂದಿನ್ ವರ್ಷ ಮತ್ತೆ ಕೇಳ್ತಾರೆ."

ಮುದ್ದಮ್ಮ ಬಹಳ ಹೊತ್ತು ಯೋಚಿಸಿದಳು. ನರಸೀಪುರದ ಎರಡು ವರ್ಷಗಳನ್ನು ಒಂದೊಂದೇ ದಿನವಾಗಿ ಜರಡಿ ಹಿಡಿದಂತೆ.

"ಮಣ್ಣು ತಿಂತಿದ್ದೆ ನೀನು," ಎಂದಳು ಕಡೆಗೆ. "ಗೋಡೆ ಮಣ್ಣು. ಒದ್ದೆ ಆಗಿದ್ರೆ ಇನ್ನೂ ಇಷ್ಟ."

ಕವನ ಅವಳ ಮುಖವನ್ನೇ ನೋಡಿದಳು. ತುಟಿ ಬಿಗಿಹಿಡಿಯಲು ಪ್ರಯತ್ನಪಟ್ಟು ಸೋತಳು.

"ಅದನ್ನ ಫಾರಂನಲ್ಲಿ ಕೇಳಿಲ್ಲ," ಎಂದಳು. ಆಮೇಲೆ ಅಜ್ಜಿ ಏಳಲೆಂದು ಕೈ ಕೊಟ್ಟಳು.